ಕಡಲ ತೆಂಗಿಗೆ ಕಿವಿಗೊಟ್ಟು

ಊರು ಬಿಡುವ ಮುನ್ನ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ ಎಷ್ಟು ನುಣುಪು, ಗಾಳಿ ಎಷ್ಟು ಶುದ್ಧ ಎಂದು ಬಾಯಿತುಂಬ ಹೇಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೆನಪಾಗುವುದು ಸುಸ್ತು. ಆಮೇಲೆ ನೆನಪಾಗುವುದು ಒಂದು ತಟ್ಟೆ ಬಾವಲಿ ಸಾರು. ಕಡಲು, ಮರಳು, ಸೂರ್ಯಾಸ್ತ ಎಲ್ಲ ಅದರ ನಂತರದ ಮಾತು.

ಹೋಗಿದ್ದು ಸೇಶೆಲ್ಸ್‌ಗೆ. ಆಫ್ರಿಕಾಕ್ಕೂ ನಮಗೂ ನಡುವೆ ಹಿಂದೂ ಮಹಾಸಾಗರದಲ್ಲಿ ಚೆಲ್ಲಿಕೊಂಡಿರುವ ಸಣ್ಣ ದ್ವೀಪಗಳು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಷ್ಟು ಕಾಲವೂ ನಾನು ಬೀಜಗಳ ಪಾಠ ಬಂದಾಗ ಬೋರ್ಡಿನ ಮೇಲೆ ಎರಡು ಕಾಯಿ ಬರೆಯುತ್ತಿದ್ದೆ. ಒಂದು ನಮ್ಮ ತೆಂಗಿನಕಾಯಿ. ಇನ್ನೊಂದು ಅದಕ್ಕಿಂತ ಬಹಳ ದೊಡ್ಡದು, ನಡುವೆ ಸೀಳು ಬಿಟ್ಟು ಜೋಡಿಯಾಗಿ ಕಾಣುವಂಥದ್ದು. ಕಡಲ ತೆಂಗು. ಭೂಮಿಯ ಮೇಲಿನ ಸಸ್ಯಗಳಲ್ಲೆಲ್ಲ ಅತಿ ದೊಡ್ಡ ಬೀಜ ಅದರದು, ಅದು ತಾನಾಗಿ ಬೆಳೆಯುವುದು ಸೇಶೆಲ್ಸ್‌ನ ಒಂದೆರಡು ದ್ವೀಪಗಳಲ್ಲಿ ಮಾತ್ರ. ಅದರ ಆಕಾರ ನೋಡಿ ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಿದ್ದರು, ನಾನು ಡಸ್ಟರ್ ಎತ್ತುತ್ತಿದ್ದೆ, ಪಾಠ ಮುಂದಕ್ಕೆ ಹೋಗುತ್ತಿತ್ತು.

ನಿವೃತ್ತ ಉಪಾಧ್ಯಾಯರ ಒಂದು ಗುಂಪು ಆ ಕಡೆ ಹೊರಟಿದೆ ಎಂದು ತಿಳಿದಾಗ ನನ್ನ ಹೆಂಡತಿ ಗಿರಿಜ ಪಟ್ಟು ಹಿಡಿದಳು. "ಅಷ್ಟು ವರ್ಷ ಬೋರ್ಡ್ ಮೇಲೆ ಬರೆದಿದ್ದೀರಿ. ಬರೆದದ್ದು ಸರಿಯಾಗೈತಾ ಅಂತ ಒಂದ್ಸಲ ನೋಡ್ಕೊಂಡು ಬರಾನ ನಡೀರಿ" ಎಂದಳು. ಅವಳ ಮಂಡಿಗಳು ಆಗಲೇ ಮುಷ್ಕರ ಹೂಡಿದ್ದವು. ಆದರೂ ಹೊರಟಳು.

ಇಷ್ಟು ಹೇಳಿದ ಮೇಲೆ ನನ್ನ ಕಿವಿಯ ವಿಷಯವನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ಈ ಪ್ರವಾಸದಲ್ಲಿ ನಾನು ಯಾಕೆ ಇಷ್ಟು ದಣಿದೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ತಿಪಟೂರು, ತುರುವೇಕೆರೆ ಸೀಮೆಯ ಕೊಬ್ಬರಿಯ ರೀತಿಯೇ ಬೇರೆ. ಕಾಯಿ ಒಡೆದು ಬಿಸಿಲಿಗೆ ಹರವುವ ಪದ್ಧತಿ ನಮ್ಮದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಕತ್ತಲಲ್ಲಿ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ನಿಲ್ಲುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಸದ್ದು ಬರುತ್ತದೆ. ಸದ್ದು ಬರುವ ಮೊದಲೇ ಅವಸರಪಟ್ಟು ಇಳಿಸಿ ಸುಲಿದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ. ಉಂಡೆ ಕೊಬ್ಬರಿ ಆಗಬೇಕಾದದ್ದು ಚೂರಾಗಿ ಮಾರುಕಟ್ಟೆಗೆ ಹೋದರೆ ವರ್ಷದ ಕಾಯುವಿಕೆ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನಮ್ಮ ಮನೆಯಲ್ಲಿ ಆ ಸದ್ದು ಕೇಳುವ ಕೆಲಸ ಅಪ್ಪನದಾಗಿತ್ತು. ಅಪ್ಪನ ನಂತರ ನನಗೆ ಬಂತು. ತೋಟದ ಬೇಸಾಯ, ಗೊಬ್ಬರ, ನೀರು ಎಲ್ಲ ತಮ್ಮ ಲೋಕೇಶನದು. ಅಟ್ಟ ಇಳಿಸುವುದು ಯಾವಾಗ ಎಂದು ಹೇಳುವುದು ಮಾತ್ರ ನನ್ನದು. ಅಕ್ಕಪಕ್ಕದ ಮನೆಯವರೂ ಕರೆಯುತ್ತಿದ್ದರು. ಸ್ಕೂಲಿನಿಂದ ನಿವೃತ್ತನಾದ ಮೇಲೆ ಜನ ನನ್ನನ್ನು ಕೇಳಿಕೊಂಡು ಬರುತ್ತಿದ್ದದ್ದು ಇದೊಂದಕ್ಕೇ. ಈಚೆಗೆ ಆ ಸದ್ದೇ ನನಗೆ ಕೇಳುತ್ತಿರಲಿಲ್ಲ. ಮಾತು ಸುಮಾರಾಗಿ ಕೇಳುತ್ತದೆ, ಅದೂ ಬಲಗಿವಿಯಲ್ಲಿ. ಕಾಯೊಳಗಿನ ಆ ಸಣ್ಣ ಸದ್ದು ಎರಡೂ ಕಿವಿಯಿಂದ ಹೊರಟುಹೋಗಿತ್ತು. ಯಾರಿಗೂ ಹೇಳಿರಲಿಲ್ಲ, ಗಿರಿಜಳಿಗೂ ಹೇಳಿರಲಿಲ್ಲ. ಹೋದ ವರ್ಷ ಕೈಯಲ್ಲಿ ತೂಕ ನೋಡಿ, ಅಂದಾಜಿನ ಮೇಲೆ "ಆಗಿದೆ" ಎಂದುಬಿಟ್ಟಿದ್ದೆ. ದೇವರ ದಯೆ, ಕೊಬ್ಬರಿ ಒಂದಾದರೂ ಚೂರಾಗಲಿಲ್ಲ. ಕಿವಿ ಹೋದರೆ ಹೋಯಿತು, ಅನುಭವ ಎಲ್ಲಿಗೆ ಹೋಗುತ್ತದೆ ಎಂದು ಒಳಗೊಳಗೇ ಬೀಗಿದ್ದೆ.

ಹೊರಡುವ ದಿನ ಲೋಕೇಶ ಸೂಟ್‌ಕೇಸು ಕಾರಿಗಿಡುತ್ತ ಹೇಳಿದ: "ಅಣ್ಣ, ಅಟ್ಟ ಇಳಿಸೋದು ನೀನು ಬಂದ್ಮೇಲೇ ಕಣಣ್ಣ. ಸುಲಿಯೋರ್ಗೆ ಹೇಳಿಟ್ಟಿದ್ದೀನಿ. ನೀನು ಹೂಂ ಅಂದ್ರೆ ಮಾರನೇ ದಿನವೇ ಬತ್ತಾರೆ."

"ಹೂಂ, ನೋಡಾನ" ಎಂದೆ. ಆ ಒಂದು ಮಾತು ಸೂಟ್‌ಕೇಸಿಗಿಂತ ಭಾರವಾಗಿ ನನ್ನ ಜೊತೆ ಬಂತು.

ಆಕಾಶದಲ್ಲಿ

ವಿಮಾನದಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತ್ತು. ಗಿರಿಜ ನನ್ನ ಎಡಕ್ಕೆ ಕೂರಬೇಕಾಗಿತ್ತು. ಎರಡು ನಿಮಿಷ ಕೂತವಳು ಎದ್ದು, "ನೀವು ಈ ಕಡೆ ಬನ್ನಿ, ನಂಗೆ ಮೋಡ ನೋಡಬೇಕು" ಎಂದು ಸೀಟು ಬದಲಾಯಿಸಿ ಬಲಕ್ಕೆ ಬಂದಳು. ಬಂದವಳು ಮೋಡದ ಕಡೆ ತಿರುಗಿಯೂ ನೋಡದೆ ಸೆರಗು ಮುಖಕ್ಕೆಳೆದು ನಿದ್ದೆ ಹೋದಳು. ನನ್ನ ಕಿಟಕಿ ಹೋಯಿತಲ್ಲ ಎಂದು ನನಗೆ ಸಿಟ್ಟು.

ನಮ್ಮ ಹಿಂದಿನ ಸಾಲಿನಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ನಂಜುಂಡಪ್ಪನವರಿದ್ದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಿವೃತ್ತಿ ಅವರ ಕೆಲಸಕ್ಕೆ ಆಗಿತ್ತೇ ಹೊರತು ದನಿಗೆ ಆಗಿರಲಿಲ್ಲ. ಗುಂಪಿನವರನ್ನೆಲ್ಲ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಎಣಿಸುವುದು, ಬೆಲ್ಟ್ ಕಟ್ಟಿದೆಯೋ ಇಲ್ಲವೋ ಎಂದು ಕತ್ತು ಚಾಚಿ ನೋಡುವುದು ಅವರೇ ವಹಿಸಿಕೊಂಡಿದ್ದರು. ಇಳಿಯುವಾಗ ಎಲ್ಲರ ಕಿವಿಯೂ ಕಟ್ಟಿಕೊಂಡಿತು. ಎಲ್ಲರೂ ಆಕಳಿಸಿ, ಮೂಗು ಹಿಡಿದು ಊದಿ ಸರಿಮಾಡಿಕೊಂಡರು. ನಾನು ಸರಿಮಾಡಿಕೊಳ್ಳಲಿಲ್ಲ. ಒಂದು ವಾರಕ್ಕೆ ಸಾಕಾಗುವಷ್ಟು ನೆಪ ಸಿಕ್ಕಿತ್ತು. ಯಾರು ಏನು ಕೇಳಿದರೂ "ಕಿವಿ ಇನ್ನೂ ಬಿಟ್ಟಿಲ್ಲ ಕಣ್ರೀ, ವಿಮಾನದ್ದು" ಎನ್ನುವುದು ರೂಢಿಯಾಯಿತು.

ಮಾಹೆ

ಮಾಹೆ ದೊಡ್ಡ ದ್ವೀಪ. ದೊಡ್ಡದು ಎಂದರೆ ಅವರ ಲೆಕ್ಕದಲ್ಲಿ. ರಾಜಧಾನಿಯನ್ನು ನಾವು ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೋಡಿ ಮುಗಿಸಿದೆವು. ಬೆಟ್ಟದ ಮೇಲಿನ ರಸ್ತೆಗಳು ಎಷ್ಟು ಕಿರಿದೆಂದರೆ ಎದುರಿಗೆ ಬಸ್ಸು ಬಂದಾಗ ಗಿರಿಜ ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳುತ್ತಿದ್ದಳು. ಅಲ್ಲಿನವರು ಮಾತ್ರ ನಿಶ್ಚಿಂತೆ. ಇಬ್ಬರು ಡ್ರೈವರುಗಳು ನಡುರಸ್ತೆಯಲ್ಲಿ ಬಂಡಿ ನಿಲ್ಲಿಸಿ ಕಿಟಕಿಯಿಂದ ಕಿಟಕಿಗೆ ಮನೆಮಂದಿಯ ಸಮಾಚಾರ ಕೇಳಿಕೊಳ್ಳುತ್ತಾರೆ. ಹಿಂದಿನವರು ಹಾರನ್ ಹೊಡೆಯುವುದಿಲ್ಲ. ನಮ್ಮ ತಿಪಟೂರಿನ ಬಸ್‌ಸ್ಟ್ಯಾಂಡಿನ ಮುಂದೆ ಒಬ್ಬ ಹೀಗೆ ಮಾಡಿದ್ದರೆ ಅವನ ಮೂರು ತಲೆಮಾರಿಗೆ ಮಂಗಳಾರತಿ ಆಗುತ್ತಿತ್ತು.

ಪರಿಚಯವಿಲ್ಲದವರಿಗೂ ನಮಸ್ಕಾರ ಹೇಳುವುದು ಅಲ್ಲಿನವರ ಅಭ್ಯಾಸ. ಬಸ್ಸು ಹತ್ತಿದವನು ಮೊದಲು ಕೂತವರಿಗೆಲ್ಲ ಶುಭ ಹಾರೈಸಿ ಆಮೇಲೆ ಸೀಟು ಹುಡುಕುತ್ತಾನೆ. ಹೇಳಿದ್ದು ಕೇಳಲಿ ಬಿಡಲಿ ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸಿದರೆ ಎಲ್ಲ ಕಡೆ ನಡೆಯುತ್ತದೆ ಎಂಬ ಭ್ರಮೆ ಬಂದದ್ದೇ ಅಲ್ಲಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಗಿರಿಜ ಕೈತೊಳೆಯಲು ಹೋಗಿದ್ದಳು. ಬಡಿಸುವವನು ಬಗ್ಗಿ ಏನೋ ಕೇಳಿದ, ತಲೆಯಾಡಿಸಿದೆ. ಇನ್ನೇನೋ ಕೇಳಿದ, ಅದಕ್ಕೂ ಆಡಿಸಿದೆ. ಅವನಿಗೆ ಬಹಳ ಸಂತೋಷವಾದ ಹಾಗೆ ಕಂಡಿತು. ಬಂದದ್ದು ತೆಂಗಿನಹಾಲಿನಲ್ಲಿ ಬೆಂದ ಕಪ್ಪು ಮಾಂಸದ ಸಾರು. ಸಣ್ಣ ಸಣ್ಣ ಮೂಳೆಗಳು ಮೇಲೆದ್ದಿದ್ದವು. ನಾವು ಈರುಳ್ಳಿ ಬೆಳ್ಳುಳ್ಳಿ ಬಿಟ್ಟರೆ ಮುಂದಕ್ಕೆ ಹೋಗದವರು. ನಂಜುಂಡಪ್ಪನವರು ವಿಚಾರಿಸಿ ಬಂದು ಇಡೀ ಹೋಟೆಲಿಗೆ ಕೇಳುವಂತೆ ಸಾರಿದರು: "ಮೇಷ್ಟ್ರೇ, ಅದು ಬಾವಲಿ! ಇಲ್ಲಿಯ ವಿಶೇಷ ಅಡುಗೆಯಂತೆ. ನೀವೇ ಬೇಕು ಅಂದ್ರಂತೆ!"

ಗಿರಿಜ ಬಂದು ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ತಟ್ಟೆಯನ್ನು ಮೆಲ್ಲಗೆ ಮೇಜಿನ ಅಂಚಿಗೆ ಸರಿಸಿ, ಚೀಲದಿಂದ ನಿಪ್ಪಟ್ಟಿನ ಡಬ್ಬಿ ತೆಗೆದಳು. "ಇನ್ಮೇಲೆ ಊಟಕ್ಕೆ ನಾನೇ ಹೇಳ್ತೀನಿ ಬುಡಿ" ಎಂದಳು, ಅಷ್ಟೇ.

ನಿಪ್ಪಟ್ಟು ಕಡಿಯುತ್ತ ನಾನು ಮೇಷ್ಟ್ರಾದೆ. ಬಾವಲಿ ಕಿವಿಯಿಂದಲೇ ದಾರಿ ಕಂಡುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅದು ಹುಳ ಹಿಡಿಯುವ ಸಣ್ಣ ಬಾವಲಿಯ ಮಾತು, ಈ ದ್ವೀಪದ ಹಣ್ಣು ತಿನ್ನುವ ದೊಡ್ಡ ಬಾವಲಿಗೆ ಕಣ್ಣು ಮೂಗುಗಳೇ ಸಾಕು ಎಂದು ವಿವರಿಸಿದೆ. "ಹಂಗಾರೆ ಕಿವಿ ಇಲ್ದಿದ್ರೂ ಬಾಳಾಟ ನಡೀತದೆ ಅನ್ನಿ" ಎಂದಳು ಗಿರಿಜ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ನೀರು ಕುಡಿದೆ.

ಲಾ ದೀಗ್

ದ್ವೀಪದಿಂದ ದ್ವೀಪಕ್ಕೆ ದೋಣಿ. ನಮ್ಮ ಕಡೆಯ ಬೋರನಕಣಿವೆ ಅಣೆಕಟ್ಟಿನ ನೀರು ಕಂಡು ಇದೇ ಸಮುದ್ರ ಎಂದುಕೊಂಡು ಬೆಳೆದವನು ನಾನು. ನಿಜವಾದ ಸಮುದ್ರ ನನ್ನನ್ನು ಹಿಡಿದು ಒಗೆದು ಹಿಂಡಿತು. ದೋಣಿಯವನು ಹೊರಡುವ ಮೊದಲೇ ಎಲ್ಲರಿಗೂ ಕಾಗದದ ಚೀಲ ಕೊಟ್ಟಿದ್ದ. ನಂಜುಂಡಪ್ಪನವರು ಮೊದಲ ಬಾರಿಗೆ ಮಾತು ನಿಲ್ಲಿಸಿದ್ದು ಆ ಚೀಲದಿಂದಾಗಿ.

ಲಾ ದೀಗ್ ದ್ವೀಪದಲ್ಲಿ ಒಂದು ಹಳೆಯ ತೆಂಗಿನ ತೋಟವನ್ನು ಪ್ರವಾಸಿಗರಿಗೆಂದು ಇಟ್ಟಿದ್ದಾರೆ. ಗಾಣಕ್ಕೆ ಕಟ್ಟಿದ ಒಂದು ಎತ್ತು ಸುತ್ತುತ್ತಿತ್ತು. ಪಕ್ಕದಲ್ಲಿ ಒಲೆಯಂಥ ಒಂದು ಕಟ್ಟಡ. ಕಾಯನ್ನು ಎರಡು ಹೋಳು ಮಾಡಿ, ಆ ಬಿಸಿಯ ಮೇಲೆ ಹರಡಿ ಕೆಲವೇ ದಿನದಲ್ಲಿ ಕೊಬ್ಬರಿ ಮಾಡುತ್ತಾರಂತೆ. ಒಂದು ಕಾಲದಲ್ಲಿ ಈ ದ್ವೀಪಗಳ ಬದುಕು ನಡೆದದ್ದೇ ಕೊಬ್ಬರಿಯ ಹಡಗುಗಳಿಂದ. ಈಗ ಎತ್ತು ಸುತ್ತುವುದು ಫೋಟೋಕ್ಕೆ.

ನಮ್ಮಲ್ಲಿ ಒಂದು ವರ್ಷ ಅಟ್ಟದಲ್ಲಿಡುತ್ತೇವೆ ಎಂದು ಅಲ್ಲಿಯ ಕೆಲಸಗಾರನಿಗೆ ಗಿರಿಜ ಕೈಸನ್ನೆಯಲ್ಲೇ ವಿವರಿಸಿದಳು. ಅವನು ನಂಬಲಿಲ್ಲ. ಅಷ್ಟು ದಿನ ಏನು ಮಾಡುತ್ತೀರಿ ಎಂದು ಕೇಳಿದ. ಕಾಯುತ್ತೇವೆ ಎಂದು ಹೇಳಲು ಅವಳು ಗಲ್ಲಕ್ಕೆ ಕೈಕೊಟ್ಟು ಕೂತು ತೋರಿಸಿದಳು. ಆಗಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದು ಅವನ ಮುಂದಿನ ಪ್ರಶ್ನೆ. ಗಿರಿಜ ಒಂದು ಕಾಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ನನ್ನ ಕಡೆ ತೋರಿಸಿದಳು. ಅವನು ನನಗೆ ದೊಡ್ಡದೊಂದು ಸಲಾಮು ಹೊಡೆದ. ಸಲಾಮು ತೆಗೆದುಕೊಳ್ಳಲು ನನಗೆ ಮುಜುಗರವಾಯಿತು.

ಆಮೇಲೆ ಆಮೆಗಳನ್ನು ನೋಡಿದೆವು. ಒಂದೊಂದು ನಮ್ಮ ಬೀಸುಕಲ್ಲಿಗಿಂತ ಹಿರಿದು. ಕತ್ತಿನ ಕೆಳಗೆ ಕೆರೆದರೆ ನಾಲ್ಕೂ ಕಾಲ ಮೇಲೆ ಎದ್ದು ನಿಂತು ಕತ್ತು ಚಾಚುತ್ತವೆ. ಅವುಗಳಲ್ಲಿ ಕೆಲವು ಬ್ರಿಟಿಷರ ಗವರ್ನರುಗಳನ್ನು ಕಂಡಿರಬಹುದು. ಅಂಥ ಇತಿಹಾಸ ಪುರುಷರನ್ನು ಕಂಡ ಮುಖದಲ್ಲಿ ಸೊಪ್ಪಿನ ಆಸೆ ಬಿಟ್ಟರೆ ಬೇರೇನೂ ಇರಲಿಲ್ಲ. ಗಿರಿಜ ಒಂದು ಆಮೆಯ ಪಕ್ಕ ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಂಡಳು. "ಇದ್ಕೆ ಮಂಡಿ ನೋವು ಬರಲ್ವೇನ್ರೀ?" ಎಂದಳು.

ಪ್ರಾಲಿನ್

ಕಡಲ ತೆಂಗಿನ ಕಾಡು ಇರುವುದು ಪ್ರಾಲಿನ್ ದ್ವೀಪದ ಒಂದು ಕಣಿವೆಯಲ್ಲಿ. ಮೆಟ್ಟಿಲುಗಳೆಂದರೆ ಮೆಟ್ಟಿಲುಗಳು. ಗಿರಿಜ ಒಂದೊಂದಕ್ಕೂ ನನ್ನ ತೋಳು ಹಿಡಿದು ಹತ್ತಿದಳು. ಅರ್ಧ ದಾರಿಗೆ ಬರುವ ಹೊತ್ತಿಗೆ ನಾನು ಅವಳನ್ನು ಹಿಡಿದಿದ್ದೆನೋ ಅವಳು ನನ್ನನ್ನೋ ಹೇಳುವುದು ಕಷ್ಟವಿತ್ತು.

ನಮಗೆ ದಾರಿ ತೋರಿಸಿದವಳು ಮರ್ಲೀನ್ ಎಂಬ ನಡುವಯಸ್ಸಿನ ಹೆಂಗಸು. ಇಂಗ್ಲಿಷನ್ನು ಬಿಡಿಬಿಡಿಯಾಗಿ, ನಿಧಾನವಾಗಿ ಆಡುತ್ತಿದ್ದಳು. ಮೊದಲು ಎಲ್ಲರನ್ನೂ ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟಳು. ಅಲ್ಲಿ ಮಾತ್ರ ಇರುವ ಕಪ್ಪು ಗಿಳಿ ಎಲ್ಲೋ ಶಿಳ್ಳೆ ಹಾಕುತ್ತಿತ್ತಂತೆ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಎತ್ತಿದರು. ನಾನೂ ಅದೇ ದಿಕ್ಕಿಗೆ ಎತ್ತಿದೆ. ಕೋಣನ ಮುಂದೆ ಕಿನ್ನರಿ ನುಡಿಸಿದರೆ ಕೋಣ ಹೇಗೆ ನಿಲ್ಲುತ್ತದೆ ಎಂದು ನನಗೆ ಅಲ್ಲಿ ತಿಳಿಯಿತು. "ಎಷ್ಟು ಇಂಪು!" ಎಂದು ನಂಜುಂಡಪ್ಪನವರು ಅಂದಾಗ, "ಬಹಳ ಇಂಪು" ಎಂದೆ. ಹೇಳಿದ ಮೇಲೆ ನನ್ನ ಮೇಲೇ ಬೇಸರವಾಯಿತು.

ಮರಗಳನ್ನು ನೋಡಿದಾಗ ಮಾತ್ರ ಆಯಾಸ ಒಂದು ಕ್ಷಣ ಬಿಟ್ಟುಹೋಯಿತು. ಗರಿಗಳು ನಮ್ಮ ಮನೆಯ ಚಾವಣಿಯಷ್ಟು ಅಗಲ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದು ಕಾಯಿ ಬಲಿಯಲು ಆರೇಳು ವರ್ಷ ಬೇಕಂತೆ. ಅಗಲವಾದ ಆ ಗರಿಗಳು ಮಳೆಯ ನೀರನ್ನೂ, ಅದರ ಜೊತೆ ಬಿದ್ದ ಹೂಪುಡಿ ಕಸಕಡ್ಡಿಗಳನ್ನೂ ದೋಣಿಯ ಹಾಗೆ ಹಿಡಿದು ಸೀದಾ ಬುಡಕ್ಕೇ ಇಳಿಸುತ್ತವೆ. ಬಡವಾದ ನೆಲದಲ್ಲಿ ತಾಯಿಮರ ತನ್ನ ಬುಡಕ್ಕೆ ತಾನೇ ಗೊಬ್ಬರ ಹಾಕಿಕೊಂಡು, ಅಲ್ಲೇ ಮೊಳೆಯುವ ಸಸಿಗೂ ಪಾಲು ಕೊಡುತ್ತದೆ. ಬಿರುಗಾಳಿಯ ರಾತ್ರಿ ಗಂಡು ಮರಗಳು ಹೆಣ್ಣು ಮರಗಳ ಬಳಿಗೆ ನಡೆದು ಹೋಗುತ್ತವೆ, ಅದನ್ನು ಕಂಡವರು ಬದುಕುವುದಿಲ್ಲ ಎಂದು ಅಲ್ಲಿನ ಹಿರಿಯರು ಹೇಳುತ್ತಾರಂತೆ. "ಕಾಣೋಕೆ ಅಷ್ಟು ಮೆಟ್ಲು ಹತ್ತಬೇಕಲ್ಲ, ಅದ್ಕೇ ಸತ್ತಿರ್ತಾರೆ" ಎಂದು ಗಿರಿಜ ಉಸಿರು ಬಿಟ್ಟಳು.

ಮರ್ಲೀನ್ ಇನ್ನೊಂದು ಸಂಗತಿ ಹೇಳಿದಳು, ಅದನ್ನು ನಾನು ಪಾಠದಲ್ಲಿ ಎಂದೂ ಹೇಳಿರಲಿಲ್ಲ. ಜೀವವಿರುವ ಕಡಲ ತೆಂಗು ನೀರಿನಲ್ಲಿ ಮುಳುಗುತ್ತದೆ. ಒಳಗೆಲ್ಲ ಕೊಳೆತು ಟೊಳ್ಳಾದದ್ದು ಮಾತ್ರ ತೇಲುತ್ತದೆ. ಈ ದ್ವೀಪಗಳ ಸುದ್ದಿ ಜಗತ್ತಿಗೆ ತಿಳಿಯುವ ಮೊದಲು ಮಾಲ್ಡೀವ್ಸಿನ ದಡಕ್ಕೂ ನಮ್ಮ ದಡಕ್ಕೂ ತೇಲಿಬಂದದ್ದು ಬರೀ ಅಂಥ ಟೊಳ್ಳು ಕಾಯಿಗಳು. ಕಡಲಿನ ತಳದಲ್ಲಿ ಇದರ ಮರವಿದೆ ಎಂದು ಜನ ನಂಬಿದರು. ಯುರೋಪಿನ ಒಬ್ಬ ಚಕ್ರವರ್ತಿ ಒಂದು ಕಾಯಿಗೆ ಚಿನ್ನ ಸುರಿದನಂತೆ. ವಿಷಕ್ಕೆ ಮದ್ದು ಎಂದು ರಾಜವೈದ್ಯರು ತೇದು ಕುಡಿಸಿದರಂತೆ. ಈ ಕಣಿವೆಗೆ ಬಂದ ಒಬ್ಬ ಬ್ರಿಟಿಷ್ ಸೇನಾಪತಿ ಇದೇ ಬೈಬಲ್ಲಿನ ಈಡನ್ ತೋಟ, ಇದೇ ಆ ಹಣ್ಣು ಎಂದು ವಾದ ಹೂಡಿದನಂತೆ. ನಮ್ಮ ಕಡೆ ಚಿಕ್ಕಂದಿನಲ್ಲಿ ಒಬ್ಬ ಸ್ವಾಮಿಗಳ ಕೈಯಲ್ಲಿ ನುಣ್ಣನೆಯ ಕರಿಯ ಕಮಂಡಲ ನೋಡಿದ್ದು ನೆನಪಾಯಿತು. ಅದೂ ಇದೇ ಚಿಪ್ಪಿನದು ಎಂದು ಎಷ್ಟೋ ವರ್ಷದ ಮೇಲೆ ತಿಳಿದಿತ್ತು.

ಕೊನೆಗೆ ಒಂದು ಮಾಡಿನ ಕೆಳಗೆ ಮೇಜಿನ ಮೇಲೆ ಕಾಯಿಗಳನ್ನು ಇಟ್ಟಿದ್ದರು, ಎತ್ತಿ ನೋಡಬಹುದು. ನಂಜುಂಡಪ್ಪನವರ ದನಿ ವಾಪಸ್ಸು ಬಂದಿತ್ತು. "ಮರ್ಲೀನ್ ಮೇಡಮ್, ಇವರು ನಮ್ಮ ತೆಂಗಿನ ಸೀಮೆಯ ಮೇಷ್ಟ್ರು. ಕಾಯಿ ಕಿವಿಗಿಟ್ಟು ಅಲ್ಲಾಡಿಸಿದ್ರೆ ಒಳಗಿರೋದನ್ನ ಹೇಳಿಬಿಡ್ತಾರೆ!" ಎಂದು ಇಂಗ್ಲಿಷಿನಲ್ಲಿ ಸಾರಿ, ಒಂದು ಕಾಯನ್ನು ನನ್ನ ಕೈಗೇ ಹೊರಿಸಿದರು. ಗುಂಪು ಸುತ್ತುವರಿಯಿತು. ಬೇಡ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ.

ಜೀವಮಾನವೆಲ್ಲ ಬೋರ್ಡಿನ ಮೇಲೆ ಬರೆದ ಕಾಯಿ ನನ್ನ ಎರಡೂ ಕೈಯಲ್ಲಿತ್ತು. ನೋಡುವುದನ್ನೂ ಮರೆತು ನಾನು ಅದನ್ನು ಎತ್ತಿ ಬಲಗಿವಿಯ ಹತ್ತಿರ ತಂದೆ. ಅಲ್ಲಾಡಿಸಿದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ನನಗೆ ಏನೂ ಕೇಳಲಿಲ್ಲ. ಆಕಾರಕ್ಕೆ ಹಗುರವಾಗಿದೆ, ಒಣಗಿ ಬಹಳ ದಿನವಾಗಿರಬೇಕು ಎಂದು ಕೈ ಹೇಳಿತು. ಊರಿನ ಅಟ್ಟದ ಕೆಳಗೆ ಹೇಳುವ ದನಿಯಲ್ಲೇ ಹೇಳಿದೆ: "ಆಗಿದೆ. ತಿರುಳು ಚಿಪ್ಪು ಬಿಟ್ಟು ಉಂಡೆ ಆಗಿದೆ. ಚೆನ್ನಾಗಿ ಸದ್ದು ಬರ್ತಿದೆ."

ನಂಜುಂಡಪ್ಪನವರು ಹೆಮ್ಮೆಯಿಂದ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಮರ್ಲೀನ್ ಸಂಕೋಚದಿಂದ ಕಾಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ, ಕೂದಲೆಳೆಯಷ್ಟು ಸಣ್ಣ ಒಂದು ಗೆರೆ ತೋರಿಸಿದಳು. ಮೊಳೆಯಬಾರದೆಂದು ಇವುಗಳನ್ನು ಎರಡು ಹೋಳಾಗಿ ಕುಯ್ದು, ತಿರುಳನ್ನೆಲ್ಲ ತೆಗೆದು, ಮತ್ತೆ ಅಂಟಿಸಿ ಇಟ್ಟಿರುತ್ತಾರಂತೆ. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗು ಏನಲ್ಲ, ಪ್ರವಾಸದಲ್ಲಿ ನಗುವ ನಗು. ಆಗ ಗಿರಿಜ ಎಲ್ಲರಿಗಿಂತ ಜೋರಾಗಿ ನಕ್ಕಳು. "ಅಯ್ಯೋ ನಂಜುಂಡಪ್ನೋರೆ, ನಮ್ಮೋರ ತಮಾಷೆ ನಿಮಗಿನ್ನೂ ತಿಳೀಲಿಲ್ವಾ? ಖಾಲಿ ಕಾಯಿ ಅಂತ ಕೈಗೆ ಬಂದ ಕೂಡ್ಲೇ ಗೊತ್ತಾಗಿರ್ತದೆ. ನಿಮ್ಮನ್ನ ಆಡಿಸೋಕೆ ಅಂದ್ರು ಕಣ್ರೀ!" ಎಂದಳು.

"ಹಂಗೋ!" ಎಂದು ನಂಜುಂಡಪ್ಪನವರು ಬೆನ್ನು ತಟ್ಟಿದರು. ಎಲ್ಲರೂ ಇನ್ನೊಮ್ಮೆ ನಕ್ಕರು, ಈ ಸಲ ನನ್ನ ಜಾಣತನಕ್ಕೆ. ನಾನೂ ನಕ್ಕೆ. ಟೊಳ್ಳು ಕಾಯಿಗೆ ಮೋಸ ಹೋದವರ ಸಾಲಿನಲ್ಲಿ ಚಕ್ರವರ್ತಿಗಳು, ಸೇನಾಪತಿಗಳು ಇದ್ದರು ನಿಜ. ಅವರೆಲ್ಲರ ಹಿಂದೆ ಕೊನೆಗೆ ನಾನೂ ನಿಂತೆ.

ಜೆಟ್ಟಿಯ ಕಲ್ಲುಬೆಂಚು

ಮರಳಿ ಹೋಗುವ ದೋಣಿ ತಡವಾಗಿತ್ತು. ಉಳಿದವರು ಅಂಗಡಿಗಳ ಕಡೆ ಹೋದರು. ನಾವಿಬ್ಬರು ದೋಣಿ ನಿಲ್ಲುವ ಕಟ್ಟೆಯ ಕಲ್ಲುಬೆಂಚಿನ ಮೇಲೆ ಕೂತೆವು. ಗಿರಿಜ ನನ್ನ ಬಲಕ್ಕೆ ಕೂತಳು.

"ನೀನು ಯಾಕೆ ಹಂಗಂದೆ? ನಾನೇನೂ ತಮಾಷೆಗೆ ಹೇಳಿರ್ಲಿಲ್ಲ" ಎಂದೆ.

"ಗೊತ್ತು ಕಣ್ರೀ."

"ಏನು ಗೊತ್ತು?"

"ನಿಮಗೆ ಕೇಳ್ಸಲ್ಲ ಅಂತ." ಅವಳು ಮಂಡಿ ನೀವುತ್ತಲೇ ಇದ್ದಳು. "ಮದುವೆ ಆದಾಗಿಂದ ಎಡಕ್ಕೆ ಕೂತೋಳು ನಾನು. ಬಲಕ್ಕೆ ಬಂದು ಎಷ್ಟು ದಿನ ಆಯ್ತು ಅಂತ ನೀವು ನೋಡೇ ಇಲ್ವಲ್ಲ."

ವಿಮಾನದ ಕಿಟಕಿ ನೆನಪಾಯಿತು. ಬಸ್ಸು, ಊಟದ ಮೇಜು, ಆಮೆಯ ಪಕ್ಕದ ಕಲ್ಲು, ಎಲ್ಲ ಕಡೆಯೂ ಅವಳು ಬಲಕ್ಕೇ ಇದ್ದಳು. ಊರಿನ ಮನೆಯಲ್ಲೂ ಹಾಗೇ. ನಾನು ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ವಿಷಯದ ಸುತ್ತ ಅವಳು ತನ್ನ ಜಾಗವನ್ನೇ ಬದಲಿಸಿಕೊಂಡಿದ್ದಳು.

"ಕೇಳ್ಸದಿದ್ರೂ ಹೋದ ವರ್ಷ ಅಟ್ಟದ ಮಾತು ತಪ್ಪಲಿಲ್ಲ, ಅಲ್ವಾ? ಅಂದಾಜು ಸರಿಯಾಗೇ ಇತ್ತು" ಎಂದೆ. ಮುಳುಗುವವನಿಗೆ ಅದೊಂದು ಹುಲ್ಲುಕಡ್ಡಿ ಉಳಿದಿತ್ತು.

ಗಿರಿಜ ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಅವಳಿಗೂ ಕಷ್ಟವಾಗುತ್ತಿದ್ದದ್ದು ಕಂಡಿತು. "ಹೋದ ವರ್ಷ ಲೋಕೇಶ ಕರೆಯೋಕೆ ಬಂದಾಗ, ನಿಮ್ಮಣ್ಣಂಗೆ ನೆಗಡಿ, ಈಗ ಬೇಡ ಅಂತ ನಾನಂದಿದ್ನಲ್ಲ, ನೆನಪೈತಾ?"

ನೆನಪಿತ್ತು. ನನಗೆ ನೆಗಡಿಯೇ ಇರಲಿಲ್ಲ. ಆದರೂ ಮೆಣಸು, ಶುಂಠಿ ಜಜ್ಜಿದ ಘಾಟು ಕಷಾಯವನ್ನು ದಿನಾ ಎದುರಿಗೆ ನಿಂತು ಕುಡಿಸಿದ್ದಳು. ಬರುವ ನೆಗಡಿಗೆ ಎಂದಿದ್ದಳು. ಹೆಂಡತಿಯ ಕಾಳಜಿ ಎಂದುಕೊಂಡು ಕುಡಿದಿದ್ದೆ.

"ಹಿಂದಿನ ದಿನ ನೀವು ಪೇಟೆಗೆ ಹೋದಾಗ ನಾನೇ ಅಟ್ಟ ಹತ್ತಿ ನೋಡಿದ್ದೆ. ಆಗಿರ್ಲಿಲ್ಲ. ಆಮೇಲೂ ಹತ್ತಿ ಹತ್ತಿ ನೋಡ್ತಿದ್ದೆ. ಎಲ್ಲಾ ಮೂಲೇಲೂ ಸದ್ದು ಬಂದ ದಿನವೇ ನಿಮ್ಮಣ್ಣನ ನೆಗಡಿ ಹೋಯ್ತು ಅಂತ ಲೋಕೇಶಂಗೆ ಹೇಳಿದ್ದು."

ನನಗೆ ಮೊದಲು ಬಂದದ್ದು ಕೋಪ. "ನನ್ನನ್ನ ಬೊಂಬೆ ಮಾಡಿ ಆಡಿಸಿದೆ ಅನ್ನು" ಎಂದುಬಿಟ್ಟೆ. ಆ ಕೋಪ ತುಂಬ ಹೊತ್ತು ನಿಲ್ಲಲಿಲ್ಲ. ಅಷ್ಟು ದಣಿದಿದ್ದೆ. ಆಮೇಲೆ ಬಂದದ್ದು ಅಳು. ಯಾರಾದರೂ ಕೇಳಿದರೆ ಕಡಲ ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದು ಹೇಳಬಹುದಿತ್ತು, ಯಾರೂ ಕೇಳಲಿಲ್ಲ.

"ಮತ್ತೆ ಈಗ್ಯಾಕೆ ಹೇಳ್ದೆ? ಹಂಗೇ ನಡೆಸ್ಕೊಂಡು ಹೋಗಬಹುದಿತ್ತಲ್ಲ."

"ಈ ವರ್ಷ ನನ್ನ ಮಂಡಿ ಏಣಿ ಹತ್ತಲ್ಲ ಕಣ್ರೀ" ಎಂದಳು ಗಿರಿಜ. "ಹೊರಡೋಕೆ ಮುಂಚೆ ಹತ್ತಿ ನೋಡಾನ ಅಂತ ಹೋದೆ. ಮೂರನೇ ಮೆಟ್ಲಲ್ಲೇ ನಿಂತ್ಬುಟ್ಟೆ."

ದೋಣಿ ಬಂತು. ಅವಳನ್ನು ಎಬ್ಬಿಸಲು ನಾನು ಕೈಕೊಟ್ಟೆ, ಏಳಲು ನನಗೆ ಅವಳ ಭುಜ ಬೇಕಾಯಿತು. ಆ ಸಲ ಸಮುದ್ರ ಶಾಂತವಾಗಿತ್ತು.

ಅಟ್ಟದ ಕೆಳಗೆ

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ದೂರ ಹೋಗಿ ಬಂದವನಿಗೆ ತನ್ನ ಮನೆಯ ಜಗಲಿಯೂ ನುಣ್ಣಗೆ ಕಾಣುತ್ತದೆ. ಬಂದ ದಿನ ಬಿಸಿ ಅನ್ನ, ಸಾರು ಉಂಡು ಮಲಗಿದವರು ಮಾರನೆಯ ದಿನ ಹೊತ್ತೇರಿದ ಮೇಲೆ ಎದ್ದೆವು. ಲೋಕೇಶ ಜಗಲಿಯ ಮೇಲೆ ಕಾಯುತ್ತಿದ್ದ. ಅವನಿಗೆ ಸೇಶೆಲ್ಸ್ ಬೇಕಿರಲಿಲ್ಲ. "ಅದೆಲ್ಲ ಆಮೇಲೆ ಹೇಳುವಂತೆ ಬುಡಣ್ಣ. ಮೊದ್ಲು ಅಟ್ಟ ನೋಡು. ಕಾಯಿ ಬಣ್ಣ ನೋಡಿದ್ರೆ ಆದಂಗೆ ಕಾಣ್ತದೆ" ಎಂದ.

ಅವನು ಏಣಿ ಹತ್ತಿ, ಒಂದೊಂದು ಮೂಲೆಯಿಂದ ಒಂದೊಂದು ಕಾಯಿ ತೆಗೆದು ಕೆಳಗೆ ಕೊಟ್ಟ. ಮೊದಲನೆಯದನ್ನು ಕೈಗೆ ತೆಗೆದುಕೊಂಡೆ. ದೂಳು, ಹೊಗೆ, ಒಣ ಸಿಪ್ಪೆಯ ವಾಸನೆ. ತೂಕ ಹಗುರವಾಗಿತ್ತು. ಅಭ್ಯಾಸಬಲದಿಂದ ಕಿವಿಗೆ ತಂದು ಅಲ್ಲಾಡಿಸಿದೆ. ಏಣಿಯ ಮೇಲಿಂದ ಲೋಕೇಶ ಬಗ್ಗಿ ನೋಡುತ್ತಿದ್ದ. ಗಿರಿಜ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವಳು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಏನೆಂದರೂ ಅವಳು ಹೂಂ ಎನ್ನುತ್ತಿದ್ದಳು.

ನನ್ನ ಕೈ "ಆಗಿದೆ" ಎನ್ನುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಗಿರಿಜ, ಇಲ್ಲಿ ಬಾ" ಎಂದೆ. ಅವಳು ಕುಂಟುತ್ತ ಬಂದಳು. ಕಾಯನ್ನು ಅವಳ ಕೈಗಿಟ್ಟೆ. "ಲೋಕೇಶ, ನಂಗೆ ಕಿವಿ ಕೇಳ್ಸಲ್ಲ ಕಣಪ್ಪ. ಇನ್ಮೇಲೆ ನಿಮ್ಮತ್ತಿಗೆ ಹೇಳ್ತಾಳೆ. ಅವಳು ಹೂಂ ಅಂದ್ರೆ ಹೂಂ."

ಅಟ್ಟದ ಕೆಳಗೆ ನಮ್ಮ ಮನೆಯ ಹೆಂಗಸರು ಕಾಯಿ ಒರೆಸಿ ಕೊಡುತ್ತಿದ್ದರೇ ಹೊರತು ಆಗಿದೆ, ಆಗಿಲ್ಲ ಎಂದು ಹೇಳಿದ್ದನ್ನು ನಾನು ಕಂಡಿಲ್ಲ. ಗಿರಿಜ ಸೆರಗು ಸರಿಮಾಡಿಕೊಂಡಳು. ಕಾಯನ್ನು ಕಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಎರಡನೆಯದನ್ನು ತೆಗೆದುಕೊಂಡಳು, ಮೂರನೆಯದನ್ನೂ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಇನ್ನು ಮೇಲೆ ನನಗೆ ಸದ್ದು ಅಲ್ಲಿಯೇ ಕೇಳಬೇಕು.

"ಇಲ್ಲ ಕಣಪ್ಪ ಲೋಕೇಶ. ಇನ್ನೂ ಬಿಟ್ಟಿಲ್ಲ. ಯುಗಾದಿ ಕಳೀಲಿ" ಎಂದಳು.

ಲೋಕೇಶ ಏಣಿಯ ಮೇಲೇ ಕೂತುಬಿಟ್ಟ. ಅತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ. ಅವನ ತಲೆಯಲ್ಲಿ ಏನೋ ಓಡುತ್ತಿತ್ತು.

"ಹಂಗಾರೆ ಅಣ್ಣ, ಹೋದ ವರ್ಷ ನಿಂಗೆ ನೆಗಡಿ ಆಗಿತ್ತಲ್ಲ?"

"ನೆಗಡಿ ಆಗಿರ್ಲಿಲ್ಲ ಕಣ್ಲಾ" ಎಂದೆ. "ಕಷಾಯ ಮಾತ್ರ ಕುಡಿದೆ."